ಬೆಲೆ ಏರಿದಾಗ ಮನೆಯ ಲೆಕ್ಕ

ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ವಿಷಯ ಬೆಲೆ ಏರಿಕೆ. ಇದು ದೊಡ್ಡವರ ವಿಷಯ, ನಮಗ್ಯಾಕೆ ಅಂತ ಕೆಲವರು ಕೇಳಬಹುದು. ಆದರೆ ನಾವು ಗಣಿತದಲ್ಲಿ ಲಾಭ-ನಷ್ಟ, ಸರಳ ಬಡ್ಡಿ ಕಲಿಯುತ್ತಿದ್ದೇವೆ. ಆ ಲೆಕ್ಕವನ್ನು ನಾನು ನಮ್ಮ ಮನೆಗೆ ಹಾಕಿ ನೋಡಿದೆ. ಅಪ್ಪ ಅಮ್ಮನ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ.

ಬೆಲೆ ಏಕೆ ಏರುತ್ತದೆ?

ಸಾಮಾನು ಕಡಿಮೆಯಾಗಿ ಕೊಳ್ಳುವವರು ಹೆಚ್ಚಾದರೆ ಬೆಲೆ ಏರುತ್ತದೆ. 2023ರ ಜುಲೈ ತಿಂಗಳಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಬಿಸಿಲು, ಮಳೆ, ರೋಗದಿಂದ ಬೆಳೆ ಹಾಳಾಗಿ ಮಾರುಕಟ್ಟೆಗೆ ಕಡಿಮೆ ಹಣ್ಣು ಬಂದದ್ದೇ ಕಾರಣ. ದೂರದ ದೇಶದಲ್ಲಿ ಆದದ್ದೂ ನಮಗೆ ತಟ್ಟುತ್ತದೆ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಬರುವುದು ಕಷ್ಟವಾಯಿತು. ನಮ್ಮೂರ ಅಂಗಡಿಯಲ್ಲೂ ಎಣ್ಣೆಯ ಬೆಲೆ ಏರಿತು.

ಯುದ್ಧವಾಗಲಿ ಮಳೆಯಾಗಲಿ ನಮ್ಮ ಕೈಯಲ್ಲಿ ಇಲ್ಲ. ನಮ್ಮ ಕೈಯಲ್ಲಿ ಇರುವುದು ಮನೆಯ ಲೆಕ್ಕ ಮಾತ್ರ.

ಒಂದು ತಿಂಗಳ ಲೆಕ್ಕ

ಜೂನ್ ತಿಂಗಳಲ್ಲಿ ಮನೆಯಲ್ಲಿ ಒಂದು ಮಾತು ನಡೆಯುತ್ತಿತ್ತು. ಅಕ್ಕ ದ್ವಿತೀಯ ಪಿ.ಯು.ಸಿ. ಓದುತ್ತಿದ್ದಾಳೆ. "ಪಿ.ಯು.ಸಿ. ಮುಗಿಸಲಿ ಸಾಕು. ಹದಿನೆಂಟು ತುಂಬಿದ ಮೇಲೆ ಗಾರ್ಮೆಂಟ್ಸ್‌ಗೆ ಹೋಗಲಿ. ಬಸ್ಸು ಊರಿಗೇ ಬರುತ್ತೆ. ಡಿಗ್ರಿ ಓದಿಸೋಕೆ ಎಲ್ಲಿಂದ ತರೋದು?" ಅಂತ ಅಪ್ಪ ಹೇಳುತ್ತಿದ್ದರು. ಅಕ್ಕ ಏನೂ ಮಾತಾಡುತ್ತಿರಲಿಲ್ಲ. ನಾನು ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಇಡೀ ತಿಂಗಳ ಲೆಕ್ಕ ಬರೆದೆ. "ಬರೆದ್ರೆ ದುಡ್ಡು ಮರಿ ಹಾಕ್ತದಾ?" ಅಂತ ಅಜ್ಜಿ ನಕ್ಕರು.

ಬಂದ ಹಣ:
ಅಪ್ಪನ ಕೂಲಿ, 18 ದಿನ – 8,100 ರೂ.
ಅಮ್ಮನ ಕೂಲಿ, 8 ದಿನ – 2,400 ರೂ.
ಡೇರಿಗೆ ಹಾಕಿದ ಹಾಲು, 180 ಲೀಟರ್ – 6,300 ರೂ.
ಒಟ್ಟು – 16,800 ರೂ.

ಹೋದ ಹಣ:
ದಿನಸಿ, ಎಣ್ಣೆ – 3,600 ರೂ.
ತರಕಾರಿ, ಮಾಂಸ – 1,400 ರೂ.
ಹಸುವಿಗೆ ಬೂಸಾ, ಹಿಂಡಿ – 3,750 ರೂ.
ಗ್ಯಾಸ್, ಮೊಬೈಲ್ ಕರೆನ್ಸಿ – 1,300 ರೂ.
ಅಕ್ಕನ ಕಾಲೇಜು – 1,200 ರೂ.
ಪೆಟ್ರೋಲ್ – 1,000 ರೂ.
ಅಜ್ಜಿಯ ಔಷಧಿ – 700 ರೂ.
ಮದುವೆ, ಮುಯ್ಯಿ – 1,000 ರೂ.
ಕೈಸಾಲದ ಬಡ್ಡಿ – 1,500 ರೂ.
ಟೀ, ಬೀಡಿ, ಕುರುಕಲು ತಿಂಡಿ, ಇತರೆ – 1,150 ರೂ.
ಒಟ್ಟು – 16,600 ರೂ.

ಉಳಿದದ್ದು 200 ರೂಪಾಯಿ. ರಾಗಿ ನಮ್ಮ ಹೊಲದ್ದು, ಅಕ್ಕಿ ಸೊಸೈಟಿಯದು. ಅವನ್ನೂ ಕೊಂಡಿದ್ದರೆ ಸಾಲವೇ ಗತಿ. ಅಕ್ಕನ ಬಸ್ಸಿಗೆ ಖರ್ಚಿಲ್ಲ. ಏಕೆಂದರೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ.

ಹಾಲಿನ ನಿಜವಾದ ಆದಾಯ

ಡೇರಿಯಿಂದ 6,300 ರೂ. ಬಂತು ಅಂತ ಎಲ್ಲರೂ ಹೇಳುತ್ತೇವೆ. ಬೂಸಾ, ಹಿಂಡಿಯ 3,750 ರೂ. ಕಳೆದರೆ ಉಳಿಯುವುದು 2,550 ರೂ. ದಿನಕ್ಕೆ 85 ರೂಪಾಯಿ. ಅಮ್ಮ ಹುಲ್ಲು ಕೊಯ್ದು ಹೊತ್ತು ತಂದದ್ದಕ್ಕೆ ಇದರಲ್ಲಿ ಕೂಲಿ ಹಾಕಿಲ್ಲ. ಆದ್ದರಿಂದ ಹೆಚ್ಚಿನ ಆದಾಯಕ್ಕೆ ಇನ್ನೊಂದು ಹಸು ತರುವ ಮೊದಲು ಇರುವ ಹಸುವಿನ ಖರ್ಚು ಇಳಿಸಬೇಕು.

ನಾವು ಅಜೋಲಾ ಬೆಳೆಸಿದೆವು. ಇದು ನೀರಿನ ಮೇಲೆ ತೇಲುವ ಚಿಕ್ಕ ಗಿಡ, ಪ್ರೋಟೀನ್ ಹೆಚ್ಚು. ನೆರಳಿನಲ್ಲಿ ಗುಂಡಿ ತೆಗೆದು, ಪ್ಲಾಸ್ಟಿಕ್ ಹಾಳೆ ಹಾಸಿ, ಜರಡಿ ಹಿಡಿದ ಮಣ್ಣು, ಸಗಣಿ ನೀರು ಹಾಕಿ, ಅಂಗೈ ಎತ್ತರ ನೀರು ನಿಲ್ಲಿಸಿ ಅಜೋಲಾ ಬಿಡಬೇಕು. ಅದು ಹರಡಿ ತುಂಬಿದ ಮೇಲೆ ದಿನಾ ತೆಗೆದು, ಸಗಣಿ ವಾಸನೆ ಹೋಗುವಂತೆ ಚೆನ್ನಾಗಿ ತೊಳೆದು ಬೂಸಾ ಜೊತೆ ಕಲಸಿ ಕೊಡಬೇಕು. ಮೊದಲ ವಾರ ಹಸು ಮೂತಿ ತಿರುಗಿಸಿತು, ಆಮೇಲೆ ತಿಂದಿತು. ದಿನಕ್ಕೆ ಅರ್ಧ ಕಿಲೋ ಬೂಸಾ ಉಳಿಯಿತು. ಕಿಲೋಗೆ 25 ರೂ. ಹಿಡಿದರೆ ತಿಂಗಳಿಗೆ 375 ರೂ.

ಕೋಳಿ ಮತ್ತು ಕೈತೋಟ

ಅಜ್ಜಿ ನಾಲ್ಕು ನಾಟಿಕೋಳಿ ಸಾಕಿದ್ದಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ರೂಪಿಸಿದ ಗಿರಿರಾಜ ಕೋಳಿ ಇನ್ನೂ ಹೆಚ್ಚು ಮೊಟ್ಟೆ ಇಡುತ್ತದೆ. ಆದರೆ ಕಾವು ಕೂರಿಸಲು ನಾಟಿಕೋಳಿಯೇ ಬೇಕು ಅಂತಾರೆ ಅಜ್ಜಿ. ಕೊಕ್ಕರೆ ರೋಗಕ್ಕೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಬೇಕು. ಇಲ್ಲವಾದರೆ ಒಂದೇ ವಾರದಲ್ಲಿ ಗೂಡು ಖಾಲಿ. ಬಚ್ಚಲ ನೀರು ಹರಿಯುವ ಕಡೆ ದಂಟು, ಹೀರೆ, ಬೆಂಡೆ ಹಾಕಿದೆವು. ಸಂತೆಗೆ ಹೋಗುವ ಚೀಲ ಹಗುರವಾಯಿತು.

ಬಡ್ಡಿ ಎಂಬ ತೂತು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಳಗೆ ತೂತು ಇರುವ ಕೊಡಕ್ಕೆ ಎಷ್ಟು ನೀರು ಹುಯ್ದರೂ ತುಂಬುವುದಿಲ್ಲ. ನಮ್ಮ ಮನೆಯ ತೂತು ಕೈಸಾಲದ ಬಡ್ಡಿ. ಹೋದ ವರ್ಷ ಅಜ್ಜಿ ಬಿದ್ದು ಕಾಲು ಮುರಿದಾಗ ಕೈಯಲ್ಲಿ ಹಣವಿರಲಿಲ್ಲ. ಅಪ್ಪ 30,000 ರೂ. ಸಾಲ ತಂದರು. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ. ಐದು ರೂಪಾಯಿ ಅಂದರೆ ಕಡಿಮೆ ಅನ್ನಿಸುತ್ತದೆ. ಆದರೆ ನಮ್ಮ ಪುಸ್ತಕದಲ್ಲಿ ದರ ಯಾವಾಗಲೂ ವರ್ಷದ್ದು. 5ನ್ನು 12ರಿಂದ ಗುಣಿಸಿದರೆ ವರ್ಷಕ್ಕೆ ಶೇಕಡಾ 60!

ಸರಳ ಬಡ್ಡಿ = ಅಸಲು × ಕಾಲ × ದರ ÷ 100
30,000 × 1 × 60 ÷ 100 = 18,000 ರೂ.

ತಿಂಗಳಿಗೆ 1,500 ರೂ. ಹೀಗೆ 20 ತಿಂಗಳು ಕಟ್ಟಿದರೆ 30,000 ರೂ. ಆಗುತ್ತದೆ. ತಂದಷ್ಟನ್ನೂ ವಾಪಸ್ ಕೊಟ್ಟ ಹಾಗಾಯಿತು. ಆದರೂ ಅಸಲು ಒಂದು ರೂಪಾಯಿ ಕೂಡ ಇಳಿದಿರುವುದಿಲ್ಲ! ಇದನ್ನು ಅಪ್ಪನಿಗೆ ತೋರಿಸಿದಾಗ ಅವರು ನೋಟ್‌ಬುಕ್ ಇಸಕೊಂಡು ಎರಡು ಸಲ ಕೂಡಿ ನೋಡಿದರು.

ಅಮ್ಮ ಸ್ತ್ರೀಶಕ್ತಿ ಸಂಘದ ಸದಸ್ಯೆ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾಯಿತು. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲೇ ಆರಂಭಿಸಿತ್ತು. ಹೆಂಗಸರು ವಾರ ವಾರ ಹಣ ಕೂಡಿಸಿ, ಅದರಿಂದಲೇ ಒಬ್ಬರಿಗೊಬ್ಬರು ಸಾಲ ಕೊಡುತ್ತಾರೆ. ಅಮ್ಮನ ಸಂಘದಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಅಲ್ಲಿ 30,000 ರೂ. ತೆಗೆದು ಕೈಸಾಲ ತೀರಿಸಿದೆವು. ತಿಂಗಳಿಗೆ ಅಸಲು 1,500 ರೂ. ಹಾಗೆ 20 ಕಂತು. ಬಡ್ಡಿ ಮೊದಲ ತಿಂಗಳು 300 ರೂ., ಆಮೇಲೆ ತಿಂಗಳು ತಿಂಗಳಿಗೆ 15 ರೂ. ಕಡಿಮೆ. 300, 285, 270 ಹೀಗೆ 15ರವರೆಗೆ ಕೂಡಿದರೆ 20 ತಿಂಗಳ ಬಡ್ಡಿ 3,150 ರೂ. ಮಾತ್ರ.

ಎರಡನ್ನೂ ಹೋಲಿಸಿ:
ಕೈಸಾಲ: 20 ತಿಂಗಳ ಬಡ್ಡಿ 30,000 ರೂ., ಸಾಲ ಹಾಗೇ ಇದೆ.
ಸಂಘದ ಸಾಲ: 20 ತಿಂಗಳ ಬಡ್ಡಿ 3,150 ರೂ., ಸಾಲ ಪೂರಾ ತೀರಿದೆ.

ಮೊದಲು ತಿಂಗಳಿಗೆ 1,500 ರೂ. ಕಟ್ಟುತ್ತಿದ್ದೆವು, ಈಗ ಮೊದಲ ಕಂತು 1,800 ರೂ. ಆಯಿತು. ಹಾಗಾದರೆ ನಮಗೆ ಬೇಕಾಗಿದ್ದ ಹೆಚ್ಚಿನ ಹಣ ಎಷ್ಟು? ಬರೀ 300 ರೂಪಾಯಿ! ಅಜೋಲಾದಿಂದ ಉಳಿದದ್ದೇ ಅದಕ್ಕೆ ಸಾಕಾಯಿತು. ಅಕ್ಕನ ಕಾಲೇಜಿನ ಹಣ ಮುಟ್ಟಲಿಲ್ಲ. ನನಗೆ ತಿಳಿದದ್ದು ಇದು: ಹೆಚ್ಚು ದುಡಿಯುವುದು ಒಳ್ಳೆಯದೇ, ಆದರೆ ಮೊದಲು ತೂತು ಮುಚ್ಚಬೇಕು. ಆಗ ಸ್ವಲ್ಪ ಆದಾಯವೂ ದೊಡ್ಡ ಕೆಲಸ ಮಾಡುತ್ತದೆ.

ಈ ತಿಂಗಳು ಏಳನೇ ಕಂತು ಕಟ್ಟಿದೆವು. ಇನ್ನು 19,500 ರೂ. ಇದೆ. ಸಾಲ ತೀರಿದ ಮೇಲೆ ತಿಂಗಳಿಗೆ 1,500 ರೂ. ಬಿಡುವಾಗುತ್ತದೆ, ಅಕ್ಕನಿಗೆ ಈಗ ಆಗುತ್ತಿರುವ ಖರ್ಚಿಗಿಂತ ಹೆಚ್ಚು. ಡಿಗ್ರಿಗೆ ಸೇರಿಸುತ್ತೇನೆ ಅಂತ ಅಪ್ಪ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಗಾರ್ಮೆಂಟ್ಸ್ ಬಸ್ಸಿನ ಮಾತು ನಿಂತಿದೆ. ಅಕ್ಕ ಪರೀಕ್ಷೆಗೆ ಓದುತ್ತಿದ್ದಾಳೆ.

ನೆನಪಿಡಬೇಕಾದ ಅಂಶಗಳು

1. ಒಂದು ತಿಂಗಳಾದರೂ ಪ್ರತಿ ಖರ್ಚನ್ನು ಬರೆಯಿರಿ. ಯಾರನ್ನೂ ಬೈಯಲು ಅಲ್ಲ, ತಿಳಿಯಲು.
2. ಆದಾಯ ಹೇಳುವಾಗ ಅದಕ್ಕೆ ಹಾಕಿದ ಖರ್ಚು ಕಳೆದು ಹೇಳಿ.
3. ಸಾಲಕ್ಕೆ "ನೂರಕ್ಕೆ ಎಷ್ಟು" ಅಂತ ಕೇಳಿದ ಮೇಲೆ 12ರಿಂದ ಗುಣಿಸಿ. ಅತಿಯಾದ ಬಡ್ಡಿ ತಡೆಯಲು ನಮ್ಮ ರಾಜ್ಯದಲ್ಲಿ 2004ರಲ್ಲೇ ಕಾನೂನು ಬಂದಿದೆ.
4. ಉಳಿತಾಯವನ್ನು ತಿಂಗಳ ಮೊದಲೇ ಎತ್ತಿಡಿ. ವಾರಕ್ಕೆ 50 ರೂ. ಆದರೆ ವರ್ಷಕ್ಕೆ 2,600 ರೂ. ಆಪತ್ತಿಗೆ ಅದೇ ನೆಂಟ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.
5. ಹತ್ತು ವರ್ಷ ತುಂಬಿದ ನಾವೂ ನಮ್ಮ ಹೆಸರಿನಲ್ಲೇ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆರೆಯಬಹುದು. ಮೊದಲಿಗೆ 500 ರೂ. ಬೇಕು. ತಿಂಗಳಿಗೆ 100 ರೂ. ಕಟ್ಟುವ ಐದು ವರ್ಷದ ಆರ್.ಡಿ. ಕೂಡ ಇದೆ.

ನೀವೂ ಬಿಡಿಸಿ

1. ತಿಂಗಳಿಗೆ ನೂರಕ್ಕೆ 3 ರೂ. ಬಡ್ಡಿಯಂತೆ 10,000 ರೂ. ಸಾಲಕ್ಕೆ ವರ್ಷದ ಬಡ್ಡಿ ಎಷ್ಟು?
2. ದಿನಕ್ಕೆ 5 ರೂ. ಕುರುಕಲು ತಿಂಡಿ ತಿನ್ನುವ ಹುಡುಗ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತಾನೆ? (365 ದಿನ)

ಉತ್ತರಗಳು ಮುಂದಿನ ಸಂಚಿಕೆಯಲ್ಲಿ. ಬೇಗ ಬಿಡಿಸಿದವರು ಈ ಹಾಳೆಯ ಮೇಲೆ ಬರೆಯಬೇಡಿ, ನನ್ನ ಹತ್ತಿರ ಬಂದು ಹೇಳಿ.

– ಏಳನೇ ತರಗತಿಯ ವಿದ್ಯಾರ್ಥಿನಿ