‘ಎ’ ಬರೆಯಬೇಕೋ, ‘ಆ್ಯನ್’ ಬರೆಯಬೇಕೋ?

ಕಳೆದ ಇಂಗ್ಲಿಷ್ ಟೆಸ್ಟಿನಲ್ಲಿ ಬ್ಯಾಂಕಿಗೆ ಪತ್ರ ಬರೆಯುವಾಗ ನಾನು ‘ಎ ಎಸ್‌ಬಿಐ ಅಕೌಂಟ್’ ಎಂದು ಬರೆದೆ. ಒಂದು ಅಂಕ ಹೋಯಿತು. “ಸರ್, ಎಸ್ ವ್ಯಂಜನ ಅಲ್ವಾ?” ಎಂದು ಕೇಳಿದೆ. “ಅಕ್ಷರ ನೋಡಬೇಡ, ಬಾಯಿಬಿಟ್ಟು ಓದಿ ನೋಡು” ಎಂದರು.

ನಿಯಮ ಇಷ್ಟೇ: ಸಂಕ್ಷಿಪ್ತ ಪದವನ್ನು ಓದುವಾಗ ಮೊದಲು ಸ್ವರದ ಧ್ವನಿ ಬಂದರೆ ‘ಆ್ಯನ್’, ವ್ಯಂಜನದ ಧ್ವನಿ ಬಂದರೆ ‘ಎ’. ಎಫ್, ಎಚ್, ಎಲ್, ಎಂ, ಎನ್, ಆರ್, ಎಸ್, ಎಕ್ಸ್ – ಈ 8 ವ್ಯಂಜನಗಳ ಹೆಸರು ಸ್ವರದಿಂದಲೇ ಶುರುವಾಗುತ್ತದೆ. ಆದ್ದರಿಂದ ‘ಆ್ಯನ್ ಎಲ್‌ಐಸಿ ಪಾಲಿಸಿ’. ಹೊಲದ ಪಹಣಿ ‘ಆ್ಯನ್ ಆರ್‌ಟಿಸಿ’. ಕೂಡಗಿಯಲ್ಲಿರುವುದು ‘ಆ್ಯನ್ ಎನ್‌ಟಿಪಿಸಿ ಪ್ಲಾಂಟ್’. ‘ಯು’ ಇದಕ್ಕೆ ಉಲ್ಟಾ. ಅಕ್ಷರ ಸ್ವರ, ಆದರೆ ಕೇಳುವುದು ‘ಯ’. ಹಾಗಾಗಿ ‘ಎ ಯುಪಿಐ ಪೇಮೆಂಟ್’, ‘ಎ ಯುಕೆಪಿ ಕೆನಾಲ್’.

ಪೂರ್ಣ ರೂಪವನ್ನು ನೆನಪಿಸಿಕೊಂಡು ಮೋಸಹೋಗಬೇಡಿ. ‘ಎ ಮೆಂಬರ್’ ಸರಿ, ಆದರೆ ‘ಆ್ಯನ್ ಎಂಎಲ್‌ಎ’. ಇಡೀ ಪದವಾಗಿ ಓದುವುದಾದರೆ ಆ ಪದದ ಮೊದಲ ಧ್ವನಿ ನೋಡಿ: ‘ಎ ನೀಟ್ ರ‍್ಯಾಂಕ್’, ‘ಎ ನಬಾರ್ಡ್ ಲೋನ್’. ಬಿಡಿಬಿಡಿಯಾಗಿ ಓದಿದರೆ ‘ಆ್ಯನ್ ಎನ್‌ಸಿಸಿ ಕೆಡೆಟ್’.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ನಾವು ಹತ್ತಿ ಬರುವ ಬಸ್ಸೇ ಒಳ್ಳೆಯ ಉದಾಹರಣೆ. 2021ರವರೆಗೆ ಅದು ‘ಆ್ಯನ್ ಎನ್‌ಇಕೆಆರ್‌ಟಿಸಿ ಬಸ್’. ಆ ವರ್ಷ ನಿಗಮಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂತು. ಈಗ ‘ಎ ಕೆಕೆಆರ್‌ಟಿಸಿ ಬಸ್’. ಬಸ್ಸು ಅದೇ, ಆರ್ಟಿಕಲ್ ಬದಲಾಯಿತು.

ನಾನು ಎಡವಿದ್ದು ಎಲ್ಲಿ ಎಂದು ಆಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಮಾತು ಉರ್ದು, ಓಣಿಯಲ್ಲಿ ಕನ್ನಡ. ಎರಡೂ ಕಡೆ ಕಿವಿಗೆ ಬೀಳುವುದು ‘ಯಸ್‌ಬಿಐ’, ‘ಯಮ್ಮೆಲ್ಲೆ’, ‘ಹೆಚ್’. ಆ ‘ಯ’, ‘ಹ’ ಕೇಳಿದ ಕಿವಿಗೆ ‘ಎ’ ಸರಿ ಅನಿಸುತ್ತದೆ. ಅಬ್ಬಾ ಹೇಳುವ ‘ಇಸ್ಕೂಲ್’ ಕೇಳಿದರೆ ‘ಆ್ಯನ್ ಇಸ್ಕೂಲ್’ ಎಂದೇ ಬರೆಯಬೇಕಾಗುತ್ತದೆ! ಅದೂ ಅಲ್ಲದೆ ನಮ್ಮ ‘ಏಕ್’ ಆಗಲಿ ‘ಒಂದು’ ಆಗಲಿ ಮುಂದಿನ ಧ್ವನಿ ನೋಡಿ ಬದಲಾಗುವುದಿಲ್ಲ. ಮನೆಮಾತಿನಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅರ್ಜಿ, ಪರೀಕ್ಷೆ, ಇಂಟರ್‌ವ್ಯೂಗಳಲ್ಲಿ ಇಂಗ್ಲಿಷ್ ಅಕ್ಷರದ ಹೆಸರನ್ನು ಮೊದಲು ಸರಿಯಾಗಿ ಉಚ್ಚರಿಸಿಕೊಳ್ಳೋಣ. ಆರ್ಟಿಕಲ್ ತಾನಾಗಿಯೇ ಸರಿಹೋಗುತ್ತದೆ.

ಅಭ್ಯಾಸ: 1. ಎಫ್‌ಡಿ 2. ಜಿಎಸ್‌ಟಿ ಬಿಲ್ 3. ಪ್ಯಾನ್ ಕಾರ್ಡ್ 4. ಎಸ್‌ಎಂಎಸ್ 5. ಸಿಮ್ ಕಾರ್ಡ್ 6. ಇಂಡಿ ಲಿಂಬೆಯ ಜಿಐ ಟ್ಯಾಗ್

ಉತ್ತರ: 1 ಮತ್ತು 4 – ‘ಆ್ಯನ್’, ಉಳಿದವು – ‘ಎ’.