ಸ್ಲೈಡರ್ ಎಳೆಯುವ ಮೊದಲು

ತಂಗಿ,

ನಿಮ್ಮಪ್ಪ ಮೊನ್ನೆ ಗದಗಿನಿಂದ ಫೋನ್ ಮಾಡಿದ್ದ. ಅವನಿಗೆ ತಿಳಿದದ್ದು ಇಷ್ಟೇ: ಮಗಳು ಯಾವುದೋ ಕಂಪ್ಯೂಟರ್ ಕೋರ್ಸಿಗೆ ಸೇರುತ್ತಾಳಂತೆ, ಫೀಸು ಅವನ ಕೆಲವು ತಿಂಗಳ ಪೆನ್ಶನ್ ನುಂಗುತ್ತದಂತೆ, ಸೇರದಿದ್ದರೆ ಮುಂದೆ ಯಾವ ಒಳ್ಳೆಯ ಆಫೀಸೂ ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಟ್ರೇನಿಂಗ್ ಸೆಮಿಸ್ಟರನ್ನೂ ಅದಕ್ಕೇ ಹೊಂದಿಸಿಕೊಳ್ಳುತ್ತೀಯಂತೆ. "ನೀ ಅದೇ ಊರಾಗ ಇದ್ದೀಯಲ್ಲ, ನೀನೇ ಆಕಿಗೆ ಹೇಳು" ಎಂದು ಫೋನ್ ಇಟ್ಟುಬಿಟ್ಟ.

ಹೇಳುತ್ತೇನೆ. ಹೆಸರು ಹಾಕದೆ ಅಚ್ಚಿಗೂ ಕೊಡುತ್ತಿದ್ದೇನೆ, ಸಿಟ್ಟಾಗಬೇಡ. ದಿಲ್ಲಿ, ನೊಯ್ಡಾ, ಗುರುಗ್ರಾಮದ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ನಮ್ಮ ಕಡೆಯ ಮಕ್ಕಳು ನೀನೊಬ್ಬಳೇ ಅಲ್ಲ. ಕರ್ನಾಟಕ ಸಂಘದಲ್ಲಿ ಸಿಕ್ಕವರೆಲ್ಲ ಇದನ್ನೇ ಕೇಳುತ್ತಾರೆ.

ಮೊದಲು ನೀನು ಕಳಿಸಿದ ಚಿತ್ರದ ಮಾತು. ನೋಡಲು ಚೆಂದವಿದೆ, ಇಲ್ಲವೆನ್ನುವುದಿಲ್ಲ. ಕಟ್ಟಡ ಚಕ್ಕುಲಿಯ ಹಾಗೆ ತಿರುಚಿಕೊಂಡು ಮೇಲಕ್ಕೆ ಹೋಗಿದೆ, ಮೈತುಂಬ ವೊರೊನಾಯ್ ಜಾಲಿ. ಒಂದು ತೂತಿನ ಹಾಗೆ ಇನ್ನೊಂದಿಲ್ಲ. ಆದರೆ ಪಶ್ಚಿಮದ ಗೋಡೆಗೂ ಅದೇ ಜಾಲಿ, ಉತ್ತರದ ಗೋಡೆಗೂ ಅದೇ. ಯಾಕೆ ಎಂದು ಕೇಳಿದ್ದಕ್ಕೆ "ಸೀಡ್ ನಂಬರ್ ಬದಲಿಸಿದರೆ ಬೇರೆ ಪ್ಯಾಟರ್ನ್ ಬರುತ್ತದೆ ದೊಡ್ಡಪ್ಪ" ಎಂದು ಬರೆದೆ. ಅದು ಉತ್ತರವೇನು? ಮೇ ತಿಂಗಳ ಆಂಧಿಯಲ್ಲಿ ಆ ತೂತುಗಳೊಳಗೆ ಕೂರುವ ಧೂಳನ್ನು ಯಾರು ಒರೆಸಬೇಕು? ದಿಲ್ಲಿಯ ಪಾರಿವಾಳಗಳು ಅಷ್ಟು ದೊಡ್ಡ ಗೂಡನ್ನು ಪುಕ್ಕಟೆ ಕೊಟ್ಟರೆ ಬಿಡುತ್ತವೆಯೇ? ನಾಲ್ಕನೆಯ ವರ್ಷಕ್ಕೆ ಬಂದಿದ್ದೀಯ, ಇಟ್ಟಿಗೆಯ ಅಳತೆ ಕೇಳಿದರೆ ಇವತ್ತಿಗೂ ಮೊಬೈಲ್ ತೆಗೆಯುತ್ತೀಯ.

ಈ ಮುದುಕನಿಗೆ ಕಂಪ್ಯೂಟರ್ ಕಂಡರೆ ಆಗದು ಎಂದುಕೊಳ್ಳಬೇಡ. ಆ ಕೋರ್ಸು ಕಲಿಸುವ ಪ್ಯಾರಾಮೆಟ್ರಿಕ್ ವಿನ್ಯಾಸವನ್ನು ನಾನು ಕಲಿತದ್ದು ನೀನು ಹುಟ್ಟುವ ಮೊದಲು, ಗ್ರಾಸ್‌ಹಾಪರ್ ತಂತ್ರಾಂಶ ಹುಟ್ಟುವ ಎಷ್ಟೋ ಮೊದಲು, ನಿಮ್ಮಜ್ಜನ ಹತ್ತಿರ.

ಅಜ್ಜ ಡ್ರಾಯಿಂಗ್ ಮಾಸ್ತರ್ ಆಗಿದ್ದರೆಂದು ನಿನಗೆ ಗೊತ್ತು. ಅವರು ಕಲಿಸುತ್ತಿದ್ದ ರೀತಿಯನ್ನು ನೀನು ನೋಡಿಲ್ಲ. ಒಮ್ಮೆ ಇಡೀ ಕ್ಲಾಸನ್ನು ಬಸ್ಸಿನಲ್ಲಿ ಡಂಬಳಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ದೊಡ್ಡಬಸಪ್ಪನ ಗುಡಿ 12ನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. "ಗರ್ಭಗುಡಿಗೆ ಎಷ್ಟು ಮೂಲಿ ಅದಾವ, ಎಣಿಸ್ರಿ" ಎಂದರು. ಸುತ್ತು ಹಾಕಿ ಒಬ್ಬೊಬ್ಬ ಒಂದೊಂದು ಲೆಕ್ಕ ತಂದ. ಯಾರ ಲೆಕ್ಕವೂ ಸರಿಯಿಲ್ಲ ಎಂದರು ಅಜ್ಜ. ಆಮೇಲೆ ಅಂಗಳದ ಮಣ್ಣಿನಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, ಒಂದು ಚೌಕ ಬರೆದರು. ಅದೇ ನಡುವಿನ ಮೇಲೆ 15 ಡಿಗ್ರಿ ತಿರುಗಿಸಿ ಇನ್ನೊಂದು, ಮತ್ತೆ 15 ತಿರುಗಿಸಿ ಮತ್ತೊಂದು. 6 ಚೌಕ ಆದವು. ಏಳನೆಯದನ್ನು ಬರೆಯಲು ಹೋದರೆ ಅದು ಮೊದಲನೆಯದರ ಮೇಲೆಯೇ ಬಂದು ಕೂತಿತು. ಚೌಕಕ್ಕೆ 4 ಮೂಲೆ, 6 ಚೌಕಕ್ಕೆ 24. "ನಿಮ್ಮ ಲೆಕ್ಕದಾಗ ಕಮ್ಮಿ ಬಿದ್ದ ಮೂಲಿ ಎಲ್ಲಿ ಹೋದುವು?" ಎಂದು ಕೇಳಿದರು. ಹಿಂದಿನ ಸಾಲಿನ ಹುಡುಗನೊಬ್ಬ ಹೇಳಿದ: ಮಂಟಪ ಬಂದು ಕೂಡಿದ ಕಡೆ ಒಳಗೆ ಮುಚ್ಚಿಹೋಗಿವೆ.

ತಂಗಿ, ಕಣ್ಣಿಗೆ ಕಾಣದ ಮೂಲೆ ಅಲ್ಲಿದೆ ಎಂದು ಆ ಹುಡುಗನಿಗೆ ತಿಳಿದದ್ದು ನಿಯಮ ಗೊತ್ತಾದ ಮೇಲೆ. ನೀನು ಹಣ ಕೊಟ್ಟು ಕಲಿಯಹೊರಟ ವಿದ್ಯೆಯ ಹೊಟ್ಟೆಯೊಳಗೆ ಇರುವುದು ಇಷ್ಟೇ: ಒಂದು ನಿಯಮ, ಬದಲಾಗಬಲ್ಲ ಒಂದೆರಡು ಸಂಖ್ಯೆ, ಅವು ಬದಲಾದಾಗ ತಾನೂ ಬದಲಾಗುವ ಆಕಾರ. ಡಂಬಳದ ನಕ್ಷೆಗೆ ಗ್ರಾಸ್‌ಹಾಪರಿನಲ್ಲಿ ಕೆಲವೇ ಕಾಂಪೊನೆಂಟ್ ಸಾಕು: ರೆಕ್ಟ್ಯಾಂಗಲ್, ಸೀರೀಸ್, ರೊಟೇಟ್, ರೀಜನ್ ಯೂನಿಯನ್. 4 ಚೌಕಕ್ಕೆ ಇಳಿಸಿ 22.5 ಡಿಗ್ರಿ ತಿರುಗಿಸಿದರೆ 16 ಮೂಲೆ. 13ನೆಯ ಶತಮಾನದ ಸೋಮನಾಥಪುರದ ಗರ್ಭಗುಡಿಗಳದ್ದು ಅದೇ ನಕ್ಷತ್ರ. 8ಕ್ಕೆ ಏರಿಸಿದರೆ 32. ಸಂಖ್ಯೆ ಬದಲಿಸುವ ಸ್ಲೈಡರ್ ಎಲ್ಲಿಯವರೆಗೆ ಬೇಕಾದರೂ ಹೋಗುತ್ತದೆ. ಆದರೆ ಮೂಲೆ ಹೆಚ್ಚಿದಷ್ಟೂ ಒಂದೊಂದು ಮೂಲೆಯೂ ಸಣ್ಣದಾಗುತ್ತದೆ, ನೆರಳು ತೆಳ್ಳಗಾಗುತ್ತದೆ, ಕೊನೆಗೆ ಗೋಡೆ ದುಂಡಗಾಗಿ ಬಿಡುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ತಂತ್ರಾಂಶ ಹೇಳುವುದಿಲ್ಲ, ಅದನ್ನು ಡಂಬಳದ ಗುಡಿ ಕಟ್ಟಿದ ಓಜ ಹೇಳಬಲ್ಲವನಾಗಿದ್ದ.

1979ರಲ್ಲಿ ನಾನು ಆರ್ಕಿಟೆಕ್ಚರ್ ಓದಲು ದಿಲ್ಲಿಗೆ ಬಂದಾಗ ಹಿಂದಿ ಬರುತ್ತಿರಲಿಲ್ಲ, ಚಳಿಗೆ ಬಟ್ಟೆ ಇರಲಿಲ್ಲ. ಬಿಸಿಲು ಕಾಯಿಸಲು ಜಂತರ್ ಮಂತರಿಗೆ ಹೋಗಿ ಕೂರುತ್ತಿದ್ದೆ. ಸವಾಯಿ ಜಯಸಿಂಹ ಅದನ್ನು 1724ರಲ್ಲಿ ಕಟ್ಟಿಸಿದನೆನ್ನುತ್ತಾರೆ. ಅಲ್ಲಿಯ ಸಮ್ರಾಟ್ ಯಂತ್ರದ ತ್ರಿಕೋನ ಗೋಡೆಯ ಇಳಿಜಾರು ನೆಲದೊಡನೆ ಮಾಡುವ ಕೋನ ದಿಲ್ಲಿಯ ಅಕ್ಷಾಂಶವೇ, 28 ಡಿಗ್ರಿಗೆ ಮೇಲೆ ಅರ್ಧದಷ್ಟು. ಆ ಅಂಚು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಲೇಬೇಕು, ಇಲ್ಲದಿದ್ದರೆ ನೆರಳು ಹೊತ್ತು ಹೇಳುವುದಿಲ್ಲ. ಅವನೇ ಜಯಪುರದಲ್ಲಿ ಕಟ್ಟಿಸಿದಾಗ ಕೋನ 27 ಆಯಿತು, ಉಜ್ಜಯಿನಿಯಲ್ಲಿ 23. ನಿಯಮ ಒಂದೇ, ಊರು ಬದಲಾದಂತೆ ಒಂದು ಸಂಖ್ಯೆ ಬದಲಾಯಿತು. ನಮ್ಮ ಗದಗಿನಲ್ಲಿ ಕಟ್ಟಿಸಿದ್ದರೆ ಹದಿನೈದೂವರೆಗೆ ಹತ್ತಿರ ಬರುತ್ತಿತ್ತು. ಅಷ್ಟು ತಗ್ಗಿದ ಗೋಡೆಯನ್ನು ಮಕ್ಕಳು ಜಾರುಬಂಡಿ ಮಾಡಿಕೊಳ್ಳುತ್ತಿದ್ದರೇನೋ.

ಅಕ್ಷಾಂಶದ ಆ ಒಂದು ಸಂಖ್ಯೆ ಮನೆಯ ಛಜ್ಜಾವನ್ನೂ ಆಳುತ್ತದೆ. ನಮ್ಮೂರಲ್ಲಿ ಜೂನ್ ತಿಂಗಳ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ದಿಲ್ಲಿಯಲ್ಲಿ ನಡುಹಗಲಿನ ಸೂರ್ಯ ವರ್ಷದ ಯಾವ ದಿನವೂ ಹಾಗೆ ಹೋಗುವುದಿಲ್ಲ. ಜೂನ್ 21ಕ್ಕೆ ದಕ್ಷಿಣದಲ್ಲಿ ಸುಮಾರು 85 ಡಿಗ್ರಿ ಎತ್ತರ, ಡಿಸೆಂಬರಿನಲ್ಲಿ 38. ದಕ್ಷಿಣದ ಕಿಟಕಿಯ ಮೇಲೆ ಒಂದು ಚಿಕ್ಕ ಛಜ್ಜಾ ಇದ್ದರೆ ಬೇಸಿಗೆಯ ನಡುಹಗಲಿನ ಬಿಸಿಲು ಹೊರಗೇ ನಿಲ್ಲುತ್ತದೆ, ಚಳಿಗಾಲದ್ದು ಕೋಣೆಯೊಳಗೆ ಬಂದು ಹಾಸಿಗೆಯ ಮೇಲೆ ಬೀಳುತ್ತದೆ. ಪಶ್ಚಿಮಕ್ಕೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಸೂರ್ಯ ಎದುರಿಗೇ ನಿಂತಿರುತ್ತಾನೆ. ಲೇಡಿಬಗ್ ಪ್ಲಗಿನ್ ನಿನಗೆ ಇದನ್ನೆಲ್ಲ ಬಣ್ಣ ಹಚ್ಚಿ ತೋರಿಸುತ್ತದೆ, ನೋಡು. ಆದರೆ ಒಂದು ವರ್ಷ ಆ ಬಿಸಿಲನ್ನು ಮೈಮೇಲೆ ಹಾಕಿಕೊಂಡವಳಿಗೆ ಮಾತ್ರ ಆ ಬಣ್ಣ ತಪ್ಪಿದಾಗ ಗೊತ್ತಾಗುತ್ತದೆ.

ನಮ್ಮ ಕಾಲೇಜಿನಿಂದ ಪ್ರಗತಿ ಮೈದಾನ ನಡೆದು ಹೋಗುವಷ್ಟು ದೂರ. ನವೆಂಬರಿನ ಟ್ರೇಡ್ ಫೇರಿಗೆ ಎಲ್ಲರೂ ತಿಂಡಿಗೆ, ಸಾಮಾನಿಗೆ ಹೋದರೆ ನಾನು ಹಾಲ್ ಆಫ್ ನೇಷನ್ಸಿನೊಳಗೆ ತಲೆ ಎತ್ತಿಕೊಂಡು ನಿಲ್ಲುತ್ತಿದ್ದೆ. ರಾಜ್ ರೇವಾಲ್ ವಿನ್ಯಾಸ, ಮಹೇಂದ್ರ ರಾಜ್ ಎಂಜಿನಿಯರಿಂಗ್, 1972ರ ಏಷ್ಯಾ ಮೇಳಕ್ಕೆಂದು ಎದ್ದು ನಿಂತದ್ದು. 70 ಮೀಟರಿಗೂ ಮಿಕ್ಕ ಅಗಲ, ನಡುವೆ ಒಂದು ಕಂಬವಿಲ್ಲ. ಒಂದೇ ಪಿರಮಿಡ್ಡಿನ ಘಟಕ ಮತ್ತೆ ಮತ್ತೆ ಬಂದು ಗೋಡೆಯೂ ಅದೇ, ಮಾಡೂ ಅದೇ. ಬೇರೆ ದೇಶದಲ್ಲಾಗಿದ್ದರೆ ಉಕ್ಕಿನ ಕೊಳವೆಗಳಿಂದ ಜೋಡಿಸುತ್ತಿದ್ದರು. ನಮ್ಮಲ್ಲಿ ಆಗ ಅಷ್ಟು ಉಕ್ಕು ತುಟ್ಟಿ, ದುಡಿಯುವ ಕೈಗಳು ಬೇಕಾದಷ್ಟು. ಅದಕ್ಕೇ ಸರಳು ಕಟ್ಟಿ, ಸೆಂಟ್ರಿಂಗ್ ಹೊಡೆದು, ಕಾಂಕ್ರೀಟನ್ನು ಸ್ಥಳದಲ್ಲೇ ಎರಕ ಹೊಯ್ದರು. ಆ ಬಗೆಯ ಸ್ಪೇಸ್ ಫ್ರೇಮನ್ನು ಕಾಂಕ್ರೀಟಿನಲ್ಲಿ ಅಷ್ಟು ದೊಡ್ಡದಾಗಿ ಜಗತ್ತಿನಲ್ಲಿ ಮೊದಲು ಕಟ್ಟಿದ್ದು ಇಲ್ಲಿ. ಇದನ್ನು ಯಾವ ಕೋರ್ಸು ಹೇಳಿಕೊಡುತ್ತದೆ? ಅಲ್ಗಾರಿದಮ್ಮಿನ ಒಳಗೆ ಉಕ್ಕಿನ ಬೆಲೆಯೂ ಕೂಲಿಯೂ ಹೋಗಬೇಕು ಎಂಬುದನ್ನು?

2017ರ ಏಪ್ರಿಲಿನಲ್ಲಿ ಒಂದು ರಾತ್ರಿ ಹಾಲ್ ಆಫ್ ನೇಷನ್ಸನ್ನು ಕೆಡವಿದರು. 60 ವರ್ಷ ತುಂಬದ ಕಟ್ಟಡ ಪರಂಪರೆಯ ಪಟ್ಟಿಗೆ ಬರುವುದಿಲ್ಲವಂತೆ, ಅದಕ್ಕೆ ಆಗ 45. ಮಥುರಾ ರಸ್ತೆಯ ಬಸ್ಸಿನಿಂದ ಆ ರಾಶಿ ನೋಡಿದೆ. ಈಗ ಅಲ್ಲಿ ಭಾರತ ಮಂಟಪವಿದೆ, ಅದರ ಬಗ್ಗೆ ನನ್ನ ಅಭಿಪ್ರಾಯ ನೀನು ಕೇಳಿಲ್ಲ, ನಾನೂ ಹೇಳುವುದಿಲ್ಲ.

ಕಮಲ ಮಂದಿರದ ಮಾತು ಹೇಳಬೇಕು. ನಾನು ಓದುತ್ತಿದ್ದ ಕಾಲಕ್ಕೆ ಅದು ಇನ್ನೂ ಏಳುತ್ತಿತ್ತು, ಪೂರ್ತಿಯಾದದ್ದು 1986ರಲ್ಲಿ. ಭಾನುವಾರ ಬಸ್ಸು ಹತ್ತಿ ಕಾಲ್ಕಾಜಿಗೆ ಹೋಗಿ ದೂರದಿಂದ ಅಟ್ಟಣೆ ನೋಡುತ್ತಿದ್ದೆ. 27 ಎಸಳು. ಫರಿಬೊರ್ಜ್ ಸಾಹ್ಬಾ ಅವರ ಕಲ್ಪನೆಯಲ್ಲಿ ಅದು ಹೂವು. ಆದರೆ ಹೂವನ್ನು ಬಡಗಿಗೆ ಹೇಗೆ ಹೇಳುವುದು? ಹಾಗಾಗಿ ಎಸಳಿನ ಪ್ರತಿಯೊಂದು ಬಾಗನ್ನೂ ಗೋಳ, ಶಂಕು, ಸಿಲಿಂಡರು, ಟೋರಸ್ಸಿನ ತುಂಡುಗಳಾಗಿ ಒಡೆದು ಸಮೀಕರಣಕ್ಕೆ ಇಳಿಸಿದರು. ಸಮೀಕರಣದಿಂದ ಡ್ರಾಯಿಂಗ್, ಡ್ರಾಯಿಂಗಿನಿಂದ ಎರಡು ಕಡೆಗೂ ಬಾಗಿದ ಮರದ ಅಚ್ಚು. ನಿನ್ನ ತಿರುಚಿದ ಗೋಪುರವನ್ನು ನಾಳೆ ಒಬ್ಬ ಬಡಗಿಯ ಮುಂದಿಟ್ಟು "ಇಲ್ಲಿಂದ ಹಲಗೆ ಹೊಡಿ" ಎನ್ನಬಲ್ಲೆಯಾ?

1984ರಲ್ಲಿ ನಾನು ಸೇರಿದ ಆಫೀಸಿನಲ್ಲಿ ಬಂಗಾಳಿ ಡ್ರಾಫ್ಟ್ಸ್‌ಮನ್ ಒಬ್ಬರಿದ್ದರು, ನಾವು ದಾದಾ ಎನ್ನುತ್ತಿದ್ದೆವು. ಟ್ರೇಸಿಂಗ್ ಪೇಪರ್, ರಾಟ್ರಿಂಗ್ ಪೆನ್ನು, ತಪ್ಪಾದ ಗೆರೆ ಹೆರೆಯಲು ಬ್ಲೇಡು, ಅಮೋನಿಯಾ ಪ್ರಿಂಟಿನ ಕಣ್ಣುರಿ. ಸುರುಳಿ ಮೆಟ್ಟಿಲಿನ ಸೆಕ್ಷನ್ನು ಅವರ ಹಾಗೆ ಬರೆದವರನ್ನು ನಾನು ಮತ್ತೆ ನೋಡಲಿಲ್ಲ. ತೊಂಬತ್ತರ ದಶಕದಲ್ಲಿ ಆಟೋಕ್ಯಾಡ್ ಬಂತು. ದಾದಾ ಕಥೆ ಮುಗಿಯಿತು ಎಂದರು ಹುಡುಗರು. ದಾದಾ ಬೇಗನೇ ಕಲಿತರು, ಏಕೆಂದರೆ ಏನು ಬರೆಯಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು. ಯಾವ ಬಟನ್ ಎಂದಷ್ಟೇ ತಿಳಿಯಬೇಕಿತ್ತು. ಬಟನ್ನು ಮಾತ್ರ ಬಲ್ಲ ಹುಡುಗರು ರೆವಿಟ್ ಬಂದಾಗ ಮತ್ತೆ ಒಂದನೆಯ ಕ್ಲಾಸಿನಲ್ಲಿ ಕೂತರು. ಈಗ ಎರಡು ಸಾಲು ಟೈಪ್ ಮಾಡಿದರೆ ಕಂಪ್ಯೂಟರೇ ನಿನ್ನ ಗೋಪುರದಂಥವನ್ನು ರಾಶಿ ಹಾಕುತ್ತದೆ. ಅಪ್ಪನ ಪೆನ್ಶನ್ ಸುರಿದು ಕಲಿತ ಬಟನ್ನು ಎಷ್ಟು ದಿನ ಬಾಳುತ್ತದೆ?

ಇನ್ನೊಂದು ಮಗ್ಗುಲೂ ಹೇಳಬೇಕು, ಇಲ್ಲದಿದ್ದರೆ ದೊಡ್ಡಪ್ಪ ಒಂದೇ ಕಡೆ ವಾಲಿದ ಎನ್ನುತ್ತೀಯ. ದಿಲ್ಲಿಯ ಮಾರ್ಫೋಜೆನೆಸಿಸ್ ಸಂಸ್ಥೆ ಜಯಪುರದಲ್ಲಿ ಪರ್ಲ್ ಅಕಾಡೆಮಿಯನ್ನು ಕಟ್ಟಿತು. ಕಟ್ಟಡದಿಂದ 4 ಅಡಿ ಆಚೆ ಒಂದು ಜಾಲಿಯ ಹೊದಿಕೆ. ಅದು ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದನ್ನು ಗೋಡೆ ಯಾವ ದಿಕ್ಕಿಗಿದೆ ಎಂಬುದರ ಮೇಲೆ ಕಂಪ್ಯೂಟರಿನಲ್ಲಿ ನೆರಳು ಲೆಕ್ಕಹಾಕಿ ಗೊತ್ತುಮಾಡಿದರು. ಕೈಯಲ್ಲಿ ಆ ಲೆಕ್ಕ ಮಾಡಲು ಹೋದರೆ ಮಾಡುವವನ ತಲೆ ನರೆಯುತ್ತದೆ. ನೊಯ್ಡಾದ ಆಂಟ್ ಸ್ಟುಡಿಯೋದವರು ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಬಿಸಿಗಾಳಿ ತಣಿಸಲು ಸುಟ್ಟ ಮಣ್ಣಿನ ಕೊಳವೆಗಳನ್ನು ಜೇನುಗೂಡಿನ ಮಾದರಿ ಜೋಡಿಸಿ ಮೇಲೆ ನೀರು ಹರಿಸಿದರು. ಗಾಳಿಯ ಲೆಕ್ಕ ಕಂಪ್ಯೂಟರಿನದು, ಕೊಳವೆ ಕುಂಬಾರನದು. ಇಂಥ ಕೆಲಸ ಮಾಡುವ ದಿನ ನೀನು ರಾತ್ರಿಯೆಲ್ಲ ಸ್ಕ್ರಿಪ್ಟ್ ಬರೆ, ನಾನೇ ಚಹಾ ಮಾಡಿಕೊಡುತ್ತೇನೆ.

ಜೋರು ಮಾಡಿದೆನೇನೋ. ನಿನ್ನ ಕೈಯಲ್ಲಿ ಗೆರೆಯಿದೆ, ಲೆಕ್ಕಕ್ಕೆ ಹೆದರುವವಳಲ್ಲ, ಎರಡೂ ಅಜ್ಜನಿಂದ ಬಂದವು. ಅದಕ್ಕೇ ಇಷ್ಟು ಬರೆದೆ. ದಾರಿ ನಿನ್ನದು, ನಿರ್ಧಾರವೂ ನಿನ್ನದೇ. ಆದರೆ ನನ್ನನ್ನು ಕೇಳಿದರೆ ಆ ಸರ್ಟಿಫಿಕೇಟ್ ಕೋರ್ಸು ಬೇಡ. ರೈನೋ ತಂತ್ರಾಂಶ 90 ದಿನ ಪುಕ್ಕಟೆ ಸಿಗುತ್ತದೆ, ಗ್ರಾಸ್‌ಹಾಪರ್ ಅದರೊಳಗೇ ಇದೆ. ಸಂಜೆ ಹಾಸ್ಟೆಲ್ಲಿನಲ್ಲಿ ಕೂತು ಡಂಬಳದ ನಕ್ಷೆ ಬರೆ, ಸಮ್ರಾಟ್ ಯಂತ್ರ ಬರೆದು ಅಕ್ಷಾಂಶವನ್ನು ದಿಲ್ಲಿಯಿಂದ ಗದಗಿಗೆ ಎಳೆ. ಟ್ರೇನಿಂಗ್ ಸೆಮಿಸ್ಟರನ್ನು ಮಾತ್ರ ಕಂಪ್ಯೂಟರಿನ ಮುಂದೆ ಕಳೆಯಬೇಡ. ಸೈಟಿಗೆ ಹೋಗು. ಸೆಂಟ್ರಿಂಗ್ ಬಿಚ್ಚುವ ದಿನ ಅಲ್ಲಿರು, ಗೌಂಡಿ ತೂಗುಗುಂಡು ಇಳಿಬಿಡುವಾಗ ಪಕ್ಕದಲ್ಲಿ ನಿಂತು ಕೇಳು. ಗ್ರೇಟರ್ ನೊಯ್ಡಾದಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಒಂದು ಶಾಲೆಯ ಕೆಲಸ ನಡೆದಿದೆ. ಸಂಬಳ ಹೇಳಿಕೊಳ್ಳುವಷ್ಟಿಲ್ಲ, ಹೆಲ್ಮೆಟ್ ಅವರೇ ಕೊಡುತ್ತಾರೆ. ಬರುವ ಸೋಮವಾರದೊಳಗೆ ಅವರಿಗೆ ಹೆಸರು ಹೇಳಬೇಕು. ಫೀಸು ಕಟ್ಟುವ ಮೊದಲು ನನಗೆ ಒಂದು ಫೋನ್ ಮಾಡು.

ಇತಿ,
ನಿನ್ನ ದೊಡ್ಡಪ್ಪ