ವೆಬ್‌ಸೈಟಿಗೆ ಆ ಒಂದು ‘ಎಸ್’ ಏಕೆ ಬೇಕು?

ಮದುವೆ, ಉಪನಯನಗಳ ಆರ್ಡರಿಗಾಗಿ ನಮ್ಮ ಸದಸ್ಯರಲ್ಲಿ ಹಲವರು ವೆಬ್‌ಸೈಟ್ ಮಾಡಿಸಿದ್ದಾರೆ. ಅದರ ವಿಳಾಸ ‘ಎಚ್‌ಟಿಟಿಪಿ’ ಎಂದಿದೆಯೋ ‘ಎಚ್‌ಟಿಟಿಪಿಎಸ್’ ಎಂದಿದೆಯೋ ನೋಡಿದವರು ಕಡಿಮೆ. ಆ ಕೊನೆಯ ‘ಎಸ್’ ಇಲ್ಲದಿದ್ದರೆ ಗಿರಾಕಿ ಬರೆದು ಕಳಿಸುವ ಹೆಸರು, ಫೋನ್ ನಂಬರ್, ಮನೆ ವಿಳಾಸ ಅಂಚೆ ಕಾರ್ಡಿನಂತೆ ತೆರೆದೇ ಸಾಗುತ್ತವೆ. ‘ಎಸ್’ ಇದ್ದರೆ ಗುಪ್ತಲಿಪಿಯಲ್ಲಿ ಹೋಗುತ್ತವೆ. ನಡುವೆ ಹಿಡಿದವನಿಗೆ ಅರ್ಥವಾಗುವುದಿಲ್ಲ.

“ಹಣವೆಲ್ಲ ಯುಪಿಐನಲ್ಲಿ ಬರುತ್ತದೆ, ನಮಗೇಕೆ ಇದು?” ಎನ್ನುವವರಿದ್ದಾರೆ. ನಡುವೆ ಕುಳಿತವನು ಓದುವುದಷ್ಟೇ ಅಲ್ಲ, ಪುಟವನ್ನೇ ತಿದ್ದಬಹುದು. ಮುಂಗಡಕ್ಕೆಂದು ನಾವು ಹಾಕಿದ ಕ್ಯೂಆರ್ ಕೋಡ್ ಜಾಗದಲ್ಲಿ ತನ್ನದನ್ನು ಕೂರಿಸಿದರೆ ಹಣ ಅವನಿಗೆ, ಜಗಳ ನಮ್ಮ ಗಲ್ಲಾದ ಮುಂದೆ! ಊಟದ ದರ ಬದಲಿಸಲು ನಾವು ಒತ್ತುವ ಪಾಸ್‌ವರ್ಡ್ ಕೂಡ ಹೀಗೆಯೇ ಕೈತಪ್ಪೀತು.

ಕ್ರೋಮ್ ಬ್ರೌಸರ್ 2018ರ ಜುಲೈಯಿಂದ ‘ಎಸ್’ ಇಲ್ಲದ ಸೈಟುಗಳ ವಿಳಾಸದ ಪಕ್ಕ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತಿದೆ. ಅಡುಗೆಮನೆ ಎಷ್ಟು ಶುಚಿಯಾಗಿದ್ದರೇನು, ಬಾಗಿಲಲ್ಲೇ ಇಂಥ ಬೋರ್ಡು ಕಂಡ ಹೊಸ ಗಿರಾಕಿ ಒಳಗೆ ಬರುತ್ತಾನೆಯೇ?

ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸೇವೆ 2015ರ ಡಿಸೆಂಬರಿನಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಸೈಟ್ ಮಾಡಿಕೊಟ್ಟವರು ಇದಕ್ಕೇ ದೊಡ್ಡ ಬಿಲ್ ಹಾಕಿದರೆ ಕಾರಣ ಕೇಳಿರಿ. ಪತ್ರದ ಅವಧಿ ಚಿಕ್ಕದು. ತಾನಾಗಿ ನವೀಕರಣವಾಗುವಂತೆ ಮಾಡಿಸಿರಿ. ಹಳೆಯ ವಿಳಾಸ ಒತ್ತಿದವರೂ ಹೊಸದಕ್ಕೇ ಬರುವಂತಿರಲಿ.

ಒಂದು ಮಾತು: ‘ಎಸ್’ ಹೇಳುವುದು ದಾರಿ ಭದ್ರ ಎಂದಷ್ಟೆ, ಅಂಗಡಿಯವ ಪ್ರಾಮಾಣಿಕ ಎಂದಲ್ಲ. ನಕಲಿ ಸೈಟಿನವರೂ ಅದನ್ನು ಪಡೆಯುತ್ತಾರೆ. ದಿನಸಿಯನ್ನು ಆನ್‌ಲೈನಿನಲ್ಲಿ ತರಿಸುವಾಗ ಹೆಸರಿನ ಒಂದೊಂದು ಅಕ್ಷರವನ್ನೂ ನೋಡಿಕೊಳ್ಳಿರಿ.